ಕಡಲು ಬಿಟ್ಟುಹೋದ ಊರು

ಬೆಲ್ಜಿಯಂ ದೇಶದ ಜೇಬ್ರುಗ್ ಬಂದರಿಗೆ ಬೇಸಿಗೆಯ ದಿನಗಳಲ್ಲಿ ಭಾರೀ ವಿಹಾರ ಹಡಗುಗಳು ಬರುತ್ತವೆ. ಬೆಳಿಗ್ಗೆ ಧಕ್ಕೆಗೆ ಒರಗಿ ನಿಂತ ಹಡಗು ಸಂಜೆಯಾಗುತ್ತಲೇ ಮುಂದಿನ ಬಂದರಿಗೆ ಹೊರಟುಬಿಡುತ್ತದೆ. ಅಷ್ಟರೊಳಗೆ ಪ್ರವಾಸಿಗಳು ಬಸ್ಸು ಹತ್ತಿ, ಒಳನಾಡಿನತ್ತ ಸುಮಾರು 15 ಕಿಲೋಮೀಟರು ಸಾಗಿ, ಬ್ರೂಜ್ ಎಂಬ ಕಾಲುವೆಗಳ ಊರನ್ನು ನೋಡಿಕೊಂಡು, ಬಿಡುವಿದ್ದರೆ ಕಡಲ ದಂಡೆಯಲ್ಲೂ ಒಂದು ಗಳಿಗೆ ಕಾಲಾಡಿಸಿ ಹಿಂದಿರುಗಬೇಕು. ಮುಂದೆ ಕೊಡೆ ಎತ್ತಿ ಹಿಡಿದ ಮಾರ್ಗದರ್ಶಿ, ಹಿಂದೆ ಕ್ಯಾಮೆರಾ ನೇತುಹಾಕಿಕೊಂಡವರ ಸಾಲು. ಅರ್ಧ ದಿನದ ಪ್ರವಾಸ ಎಂದರೆ ಇಷ್ಟೇ.

ಅರ್ಧ ದಿನದಲ್ಲಿ ಹೇಳಿ ಮುಗಿಸಬೇಕಾದ ಚರಿತ್ರೆಯೂ ಚಿಕ್ಕದೇ. ಮಧ್ಯಯುಗದಲ್ಲಿ ಬ್ರೂಜ್ ಉತ್ತರ ಯುರೋಪಿನ ಬಹುದೊಡ್ಡ ವ್ಯಾಪಾರ ಕೇಂದ್ರವಾಗಿತ್ತು. ಕಡಲಿಗೆ ಹೋಗುವ ದಾರಿಯಲ್ಲಿ ಹೂಳು ತುಂಬಿತು. ಊರು ನಿದ್ದೆ ಹೋಯಿತು. ಆದ್ದರಿಂದಲೇ ಇದ್ದುದು ಇದ್ದಂತೆಯೇ ಉಳಿಯಿತು. ಈ ಮಾತಿನಲ್ಲಿ ಸುಳ್ಳೇನೂ ಇಲ್ಲ. ಆದರೆ ಹೂಳು ತಾನಾಗಿಯೇ ತುಂಬಲಿಲ್ಲ, ಊರು ಸುಖವಾಗಿ ನಿದ್ರಿಸಲೂ ಇಲ್ಲ, ಇದ್ದುದೆಲ್ಲ ಇದ್ದಂತೆ ಉಳಿದಿಲ್ಲ.

ಪ್ರವಾಸಿಗಳನ್ನು ಮೊದಲು ಕೂರಿಸುವುದು ದೋಣಿಯಲ್ಲಿ. ಅರ್ಧ ಗಂಟೆಯ ಸುತ್ತು. ಇಟ್ಟಿಗೆಯ ಮನೆಗಳು ನೀರಿನೊಳಗಿಂದಲೇ ಎದ್ದು ನಿಂತಂತೆ ಕಾಣುತ್ತವೆ. ಸೇತುವೆಗಳು ಎಷ್ಟು ತಗ್ಗಿನವೆಂದರೆ ದೋಣಿಯವನು ತಲೆ ಬಗ್ಗಿಸಿರೆಂದು ಕೂಗಬೇಕಾಗುತ್ತದೆ. ಇಂದು ಜನರನ್ನಷ್ಟೇ ಹೊರುವ ಈ ನೀರು ಒಂದು ಕಾಲಕ್ಕೆ ಸರಕಿನ ರಸ್ತೆಯಾಗಿತ್ತು. ಊರಿನ ನಡುವಣ ಮಾರ್ಕ್ಟ್ ಚೌಕದಲ್ಲಿ ಈಗ ನೀರಿನ ಸುಳಿವೇ ಇಲ್ಲ. ಆದರೆ ಕಾಲುವೆಯ ಮೇಲೆಯೇ ಕಟ್ಟಿದ್ದ ದೊಡ್ಡದೊಂದು ‘ನೀರು ಮಂಟಪ’ ಅಲ್ಲಿತ್ತು. ದೋಣಿಗಳು ನೇರವಾಗಿ ಅದರ ಸೂರಿನಡಿಗೆ ನುಗ್ಗಿ, ಮಳೆಯ ಹನಿ ತಾಕದಂತೆ ಸರಕು ಇಳಿಸುತ್ತಿದ್ದವು. 1787ರಲ್ಲಿ ಅದನ್ನು ಕೆಡವಿದರು. ಭಾರದ ಪೀಪಾಯಿಗಳನ್ನು ಎತ್ತಲು ಕಾಲುವೆಯ ಬದಿಯಲ್ಲಿ ಮರದ ಕ್ರೇನು ಇತ್ತು; ಅದರ ದೊಡ್ಡ ಗಾಲಿಯೊಳಗೆ ಕೂಲಿಯಾಳುಗಳು ನಡೆಯುತ್ತ ನಡೆಯುತ್ತ ಅದನ್ನು ತಿರುಗಿಸುತ್ತಿದ್ದರು.

ಆ ಕ್ರೇನು ಎತ್ತಿದ ಸರಕಿನ ಪಟ್ಟಿಯೇ ಅಂದಿನ ಯುರೋಪಿನ ಭೂಪಟ. ಇಂಗ್ಲೆಂಡಿನ ಉಣ್ಣೆ, ಬೋರ್ಡೋದ ದ್ರಾಕ್ಷಾರಸ, ರಷ್ಯದ ತುಪ್ಪಳ, ಬಾಲ್ಟಿಕ್ ಸೀಮೆಯ ಮೇಣ, ಸ್ಪೇನಿನ ಕಬ್ಬಿಣ. 1277ರಲ್ಲಿ ಜಿನೋವಾದ ಹಡಗುಗಳು ಜಿಬ್ರಾಲ್ಟರ್ ಸುತ್ತಿ ಮೊದಲ ಬಾರಿಗೆ ಇಲ್ಲಿಗೆ ಬಂದವು. ಮುಂದಿನ ಶತಮಾನದ ಆರಂಭದಲ್ಲಿ ವೆನಿಸ್ಸಿನ ಹಡಗುಗಳೂ ಹಿಂಬಾಲಿಸಿದವು. ಅವುಗಳ ಹೊಟ್ಟೆಯಲ್ಲಿ ಬಂದ ಮಸಾಲೆಗಳಲ್ಲಿ ಮುಖ್ಯವಾದುದು ಕರಿಮೆಣಸು. ಪಶ್ಚಿಮ ಘಟ್ಟದ ಕಾಡಿನ ಬಳ್ಳಿಯಿಂದ ಬಿಡಿಸಿದ ಕಾಳು ಅರಬ್ಬೀ ಸಮುದ್ರ, ಕೆಂಪು ಸಮುದ್ರ, ಅಲೆಕ್ಸಾಂಡ್ರಿಯ, ವೆನಿಸ್ ಎಂದು ಕೈಯಿಂದ ಕೈಗೆ ದಾಟುತ್ತ ಬಂದು ಬ್ರೂಜಿನ ತಕ್ಕಡಿ ಸೇರುವಾಗ ಅದರ ಬೆಲೆ ಎಷ್ಟು ಪಟ್ಟು ಏರಿರಬಹುದೆಂದು ಊಹಿಸಬಹುದು. ಆ ಕಾಳನ್ನು ಬಿಡಿಸಿದವನು ಬ್ರೂಜಿನ ಹೆಸರು ಕೇಳಿರಲಿಲ್ಲ. ಕೊಂಡವನಿಗೂ ಘಟ್ಟ ಯಾವ ದಿಕ್ಕಿನಲ್ಲಿದೆಯೆಂದು ಗೊತ್ತಿರಲಿಲ್ಲ.

ವರ್ತಕರು ಸೇರುತ್ತಿದ್ದುದು ವಾನ್ ಡೆರ್ ಬ್ಯೂರ್ಸೆ ಎಂಬ ಮನೆತನದವರ ಛತ್ರದ ಮುಂದೆ. ಹುಂಡಿಗಳ ವ್ಯವಹಾರ, ನಾಣ್ಯಗಳ ವಿನಿಮಯ ದರ ಎಲ್ಲ ಅಲ್ಲೇ ತೀರ್ಮಾನವಾಗುತ್ತಿದ್ದವು. ಯುರೋಪಿನ ಹಲವು ಭಾಷೆಗಳಲ್ಲಿ ಷೇರುಪೇಟೆಗೆ ಇರುವ ‘ಬೂರ್ಸ್’ ಎಂಬ ಹೆಸರು ಆ ಛತ್ರದ ನೆನಪು.

ಕಡಲಂಚಿನಲ್ಲಿ ಇಲ್ಲದ ಊರಿಗೆ ಇಷ್ಟೊಂದು ಹಡಗುಗಳ ಸಂಪತ್ತು ದಕ್ಕಿದ್ದು ಜ್ವಿನ್ ಎಂಬ ಅಳಿವೆಯಿಂದ. 1134ರ ಭೀಕರ ಬಿರುಗಾಳಿಯಲ್ಲಿ ಸಮುದ್ರ ದಂಡೆಯನ್ನು ಸೀಳಿಕೊಂಡು ಒಳನುಗ್ಗಿ ಈ ದಾರಿ ತೆರೆಯಿತೆಂಬುದು ಬಹುಕಾಲದ ನಂಬಿಕೆ. ಈಚಿನ ಸಂಶೋಧಕರು ಅದನ್ನು ಅಷ್ಟು ಸರಳವಾಗಿ ಒಪ್ಪುವುದಿಲ್ಲ; ಅಳಿವೆ ಅದಕ್ಕೂ ಹಳೆಯದು ಎನ್ನುತ್ತಾರೆ. ಹೇಗಿದ್ದರೂ 12ನೇ ಶತಮಾನದಲ್ಲಿ ಕಡಲು ಬ್ರೂಜಿನ ಬಾಗಿಲ ಹತ್ತಿರಕ್ಕೆ ಬಂದಿತ್ತು. ಫ್ಲಾಂಡರ್ಸಿನ ಕೌಂಟ್ ಫಿಲಿಪ್ 1180ರಲ್ಲಿ ಆ ಅಳಿವೆಯ ಒಳತುದಿಯಲ್ಲಿದ್ದ ದಾಮ್ಮೆಗೆ ಪಟ್ಟಣದ ಹಕ್ಕು ಕೊಟ್ಟ. ಹೆಸರೇ ಹೇಳುವಂತೆ ಅದು ಒಡ್ಡಿನ ಊರು. ದೊಡ್ಡ ಹಡಗು ಅಲ್ಲಿ ನಿಲ್ಲುವುದು, ಸರಕು ಚಿಕ್ಕ ದೋಣಿಗಳಲ್ಲಿ ಬ್ರೂಜಿಗೆ ಸಾಗುವುದು ಎಂಬ ಏರ್ಪಾಡು.

ಹೂಳಿನ ಕಥೆಯ ತಿರುಳು ಇರುವುದು ಆ ಒಡ್ಡುಗಳಲ್ಲೇ. ಉಬ್ಬರದ ನೀರು ಅಳಿವೆಯೊಳಗೆ ಬರುವಾಗ ಮರಳು, ಮೆಕ್ಕಲನ್ನು ಹೊತ್ತು ತರುತ್ತದೆ. ಇಳಿತದ ನೀರು ರಭಸವಾಗಿ ಹೊರಹರಿದರೆ ಅದನ್ನು ಗುಡಿಸಿಕೊಂಡು ಹೋಗುತ್ತದೆ. ಒಳಗೆ ಹರಡಿಕೊಳ್ಳುವ ನೀರು ಹೆಚ್ಚಿದ್ದಷ್ಟೂ ಹೊರಹೋಗುವ ಸೆಳೆತ ಹೆಚ್ಚು. ಆದರೆ ಅಳಿವೆಯ ಎರಡೂ ಬದಿಯ ಜವುಗು ನೆಲ ಬಲು ಫಲವತ್ತಾದುದು. ಮಠಗಳು, ಜಮೀನುದಾರರು, ರೈತರು ತಲೆಮಾರಿನಿಂದ ತಲೆಮಾರಿಗೆ ಒಡ್ಡು ಹಾಕಿ ಆ ನೆಲವನ್ನು ಹೊಲ, ಹುಲ್ಲುಗಾವಲು ಮಾಡಿಕೊಂಡರು. ಒಂದೊಂದು ಒಡ್ಡು ಎದ್ದಾಗಲೂ ಉಬ್ಬರದ ನೀರಿಗೆ ಇದ್ದ ಜಾಗ ಅಷ್ಟು ಕಡಿಮೆಯಾಯಿತು, ಇಳಿತದ ಸೆಳೆತ ಅಷ್ಟು ಸೊರಗಿತು, ತಳದಲ್ಲಿ ಕೂತ ಹೂಳು ಕೂತಲ್ಲೇ ಉಳಿಯಿತು. ಕಡಲನ್ನು ಹಿಂದಕ್ಕೆ ತಳ್ಳಿದವರಲ್ಲಿ ಕಡಲನ್ನೇ ನಂಬಿ ಬದುಕಿದ ನಾಡಿನವರೂ ಇದ್ದರು! ಹಡಗುಗಳು ದಾಮ್ಮೆಯನ್ನು ಬಿಟ್ಟು ಅಳಿವೆಯ ಬಾಯಲ್ಲಿದ್ದ ಸ್ಲೌಸ್‌ನಲ್ಲಿ ನಿಲ್ಲತೊಡಗಿದವು. ಬ್ರೂಜ್ ಹೊಸ ಕಾಲುವೆ ತೋಡಿಸಿತು, ಹೂಳು ತೆಗೆಸಿತು, ಹಣ ಸುರಿಯಿತು. ಪ್ರಯೋಜನವಾಗಲಿಲ್ಲ.

ಆದರೂ ಹೂಳೊಂದನ್ನೇ ದೂರಿದರೆ ಅನ್ಯಾಯ. ಹಡಗಿನಿಂದ ದೋಣಿಗೆ ಸರಕು ಬದಲಿಸುವುದು ಬ್ರೂಜಿಗೆ ಮೊದಲಿನಿಂದಲೂ ರೂಢಿಯೇ. ಆ ಕಷ್ಟದ ನಡುವೆಯೇ ಅದು ಮೆರೆದಿತ್ತು. ಪೆಟ್ಟು ಬಿದ್ದದ್ದು ರಾಜಕೀಯದಿಂದ ಕೂಡ. 1482ರಲ್ಲಿ ಬರ್ಗಂಡಿಯ ಮೇರಿ ಕುದುರೆಯಿಂದ ಬಿದ್ದು ತೀರಿಕೊಂಡಳು. ಆಕೆಯ ಗಂಡ ಹ್ಯಾಬ್ಸ್‌ಬರ್ಗ್ ವಂಶದ ಮ್ಯಾಕ್ಸಿಮಿಲಿಯನ್‌ಗೂ ಬ್ರೂಜಿನ ಕಸುಬುದಾರ ಸಂಘಗಳಿಗೂ ಹೊಂದಲಿಲ್ಲ. 1488ರಲ್ಲಿ ಊರಿನವರು ಆತನನ್ನೇ ಮಾರ್ಕ್ಟ್ ಚೌಕದ ಒಂದು ಮನೆಯಲ್ಲಿ ತಿಂಗಳುಗಟ್ಟಲೆ ಕೂಡಿಹಾಕಿ, ಆತನ ಕಡೆಯ ಅಧಿಕಾರಿ ಪೀಟರ್ ಲಾಂಖಾಲ್ಸನ ತಲೆ ಕಡಿದರು. ಲಾಂಖಾಲ್ಸ್ ಎಂದರೆ ಉದ್ದ ಕತ್ತಿನವನು. ಅದಕ್ಕೆ ಶಿಕ್ಷೆಯಾಗಿ ಊರು ಸದಾಕಾಲ ಉದ್ದ ಕತ್ತಿನ ಹಂಸಗಳನ್ನು ಸಾಕಬೇಕೆಂದು ಮ್ಯಾಕ್ಸಿಮಿಲಿಯನ್ ವಿಧಿಸಿದನೆಂಬ ಕಥೆಯನ್ನು ಕಾಲುವೆಯ ಹಂಸಗಳತ್ತ ಕೈತೋರಿಸಿ ಮಾರ್ಗದರ್ಶಿಗಳು ತಪ್ಪದೆ ಹೇಳುತ್ತಾರೆ. ದಂತಕಥೆ, ಕೇಳಲು ಸೊಗಸು. ನಿಜವಾದ ಶಿಕ್ಷೆ ಬೇರೆಯದಿತ್ತು. ವಿದೇಶಿ ವರ್ತಕರು ಬ್ರೂಜನ್ನು ತೊರೆದು ಆಂಟ್‌ವರ್ಪಿಗೆ ಹೋಗಬೇಕೆಂದು ಆತ ಆಜ್ಞೆ ಮಾಡಿದ. ಷೆಲ್ಟ್ ನದಿಯ ಮೇಲಿನ ಆಂಟ್‌ವರ್ಪ್ ಅವರನ್ನು ಬರಮಾಡಿಕೊಳ್ಳಲು ಸಿದ್ಧವಾಗಿಯೇ ಇತ್ತು. ಇಂಗ್ಲೆಂಡಿನ ನೆಯ್ದ ಬಟ್ಟೆಯನ್ನು ಬ್ರೂಜ್ ತನ್ನ ನೇಕಾರರ ಹಿತಕ್ಕಾಗಿ ದೂರವಿಟ್ಟಿತ್ತು. ಆಂಟ್‌ವರ್ಪಿಗೆ ಆ ಮಡಿ ಇರಲಿಲ್ಲ.

ಕೊನೆಯ ಪೆಟ್ಟಿನಲ್ಲಿ ನಮ್ಮ ಮೆಣಸಿಗೂ ಪಾಲುಂಟು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆ ಮುಟ್ಟಿದ. ಮೂರೇ ವರ್ಷದಲ್ಲಿ, 1501ರಲ್ಲಿ, ಪೋರ್ಚುಗೀಸರ ಮೆಣಸು ಹೊತ್ತ ಮೊದಲ ಹಡಗು ಆಂಟ್‌ವರ್ಪಿಗೆ ಬಂತು, ಬ್ರೂಜಿಗಲ್ಲ. ಕಾರಣ ಸರಳ. ಮಲಬಾರಿನಲ್ಲಿ ಮೆಣಸು ಕೊಳ್ಳಲು ಪೋರ್ಚುಗೀಸರಿಗೆ ತಾಮ್ರ, ಬೆಳ್ಳಿ ಬೇಕಿತ್ತು. ಅದನ್ನು ಮಾರುವ ದಕ್ಷಿಣ ಜರ್ಮನಿಯ ವರ್ತಕರು ಆಂಟ್‌ವರ್ಪಿನಲ್ಲಿದ್ದರು. ಮುಂದೆ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ‘ಮೆಣಸಿನ ರಾಣಿ’ ಎಂದು ಕರೆದವರೂ ಇದೇ ಪೋರ್ಚುಗೀಸರು. ಅಷ್ಟು ಹೊತ್ತಿಗೆ ಬ್ರೂಜ್ ಈ ವ್ಯಾಪಾರದಲ್ಲಿ ಹಿಂದೆ ಬಿದ್ದಿತ್ತು.

ಮುಂದಿನ ಮೂರು ಶತಮಾನಗಳನ್ನು ‘ನಿದ್ದೆ’ ಎನ್ನುವುದು ಪ್ರವಾಸಿ ಕೈಪಿಡಿಗಳ ಅಭ್ಯಾಸ. ಬಡತನ ಎನ್ನುವುದು ಸರಿಯಾದ ಮಾತು. 19ನೇ ಶತಮಾನದ ನಡುಭಾಗದಲ್ಲಿ ಬ್ರೂಜ್ ಬೆಲ್ಜಿಯಮ್ಮಿನ ಬಡ ನಗರಗಳಲ್ಲೊಂದು. ಲಿನನ್ ಬಟ್ಟೆಯ ಕಸುಬು ಕುಸಿದಿತ್ತು, ಆಲೂಗೆಡ್ಡೆಗೆ ರೋಗ ಬಿದ್ದಿತ್ತು, ಜನರ ದೊಡ್ಡ ಪಾಲು ದಾನದ ಹಣದಿಂದ ಹೊಟ್ಟೆ ಹೊರೆಯುತ್ತಿತ್ತು. ಸಾವಿರಾರು ಹೆಣ್ಣುಮಕ್ಕಳು ಮನೆಬಾಗಿಲಲ್ಲಿ ಕೂತು, ಮಂದ ಬೆಳಕಿನಲ್ಲಿ ಕಣ್ಣು ಸವೆಸಿ, ಅತ್ಯಲ್ಪ ಕೂಲಿಗೆ ಲೇಸ್ ಹೆಣೆಯುತ್ತಿದ್ದರು. ಇಂದು ಅಂಗಡಿಗಳ ಗಾಜಿನೊಳಗೆ ತೂಗುಬಿಟ್ಟಿರುವ ಆ ಬಿಳಿಯ ಲೇಸ್ ಊರಿನ ಕಲಾಭಿರುಚಿಯ ಗುರುತಷ್ಟೇ ಅಲ್ಲ. ಹಳೆಯ ಮನೆಗಳು ಉಳಿದದ್ದಕ್ಕೂ ಇದೇ ಕಾರಣ: ಕೆಡವಿ ಹೊಸದು ಕಟ್ಟಲು ಯಾರ ಬಳಿಯೂ ದುಡ್ಡಿರಲಿಲ್ಲ.

ಆ ದುಃಸ್ಥಿತಿಗೆ ಮೊದಲು ಮಾರುಹೋದವರು ಹೊರಗಿನವರು. 1815ರ ವಾಟರ್ಲೂ ಕದನದ ನಂತರ ರಣರಂಗ ನೋಡಲು ಬಂದ ಇಂಗ್ಲಿಷರು ಬ್ರೂಜನ್ನೂ ಕಂಡರು. ಬದುಕು ಅಗ್ಗವೆಂದು ಕೆಲವರು ಅಲ್ಲೇ ನೆಲೆಸಿದರು. 1838ರಲ್ಲಿ ರೈಲು ಬಂತು. 1892ರಲ್ಲಿ ಜಾರ್ಜ್ ರೋಡೆನ್‌ಬಾಕ್ ಬರೆದ ‘ಸತ್ತ ಬ್ರೂಜ್’ ಎಂಬರ್ಥದ ಹೆಸರಿನ ಫ್ರೆಂಚ್ ಕಾದಂಬರಿ ಊರಿನ ಮಬ್ಬು, ಮೌನಗಳನ್ನು ಯುರೋಪಿಗೆಲ್ಲ ಪರಿಚಯಿಸಿತು. ಓದಿದವರು ನೋಡಲು ಬಂದರು; ಬದುಕಿದ್ದ ಊರಿನವರಿಗೆ ಆ ಹೆಸರು ಹಿಡಿಸಲಿಲ್ಲವೆಂದರೆ ಆಶ್ಚರ್ಯವಿಲ್ಲ.

ನೋಡಲು ಬರುವವರಿಗೆ ಮಧ್ಯಯುಗವೇ ಬೇಕಿತ್ತು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ನಗರಸಭೆ ಹಳೆಯ ಮುಂಗೋಡೆಗಳ ಜೀರ್ಣೋದ್ಧಾರಕ್ಕೆ ಧನಸಹಾಯ ಕೊಡತೊಡಗಿತು. ಮಧ್ಯಯುಗದ್ದು ಸಾಲದಿದ್ದಲ್ಲಿ ಅದೇ ಶೈಲಿಯಲ್ಲಿ ಹೊಸದು ಎದ್ದಿತು. ನೀರು ಮಂಟಪವಿದ್ದ ಜಾಗದ ಗೋಥಿಕ್ ಪ್ರಾಂತೀಯ ಭವನ ಆ ಕಾಲದ್ದು. ಪ್ರವಾಸಿಗಳು ಮುಗಿಬಿದ್ದು ಚಿತ್ರ ತೆಗೆದುಕೊಳ್ಳುವ, ಪಾಚಿಗಟ್ಟಿದ ಪುಟ್ಟ ಬೋನಿಫೇಸ್ ಸೇತುವೆಯಂತೂ 1910ರ ಸುಮಾರಿನದು. ಹಾಗೆಂದು ಎಲ್ಲವೂ ನಕಲಲ್ಲ: 83 ಮೀಟರ್ ಎತ್ತರದ, 366 ಮೆಟ್ಟಿಲುಗಳ ಗಂಟೆಗೋಪುರವಾಗಲಿ, 1245ರಲ್ಲಿ ಸ್ಥಾಪನೆಯಾದ ಬೆಗೀನ್ ಸ್ತ್ರೀಯರ ಆವರಣವಾಗಲಿ ಅಸಲೇ. ಹಳೆಯ ಊರು 2000ನೇ ಇಸವಿಯಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಗತವೈಭವವನ್ನು ತೋರಿಸುತ್ತ ಕೂರುವುದಕ್ಕಿಂತ ಕಡಲನ್ನೇ ಮತ್ತೆ ಹಿಡಿಯಬೇಕೆಂದವರೂ ಊರಿನಲ್ಲಿದ್ದರು. ಅವರ ಹಟದ ಫಲವೇ ಜೇಬ್ರುಗ್. ‘ಕಡಲ ಬ್ರೂಜ್’ ಎಂಬುದೇ ಆ ಹೆಸರಿನ ಅರ್ಥ. 1907ರಲ್ಲಿ ದೊರೆ ಎರಡನೆಯ ಲಿಯೋಪೋಲ್ಡ್ ಅದನ್ನು ಉದ್ಘಾಟಿಸಿದ. ಬಂದರಿನಿಂದ ಬ್ರೂಜಿಗೆ ನೇರ ಕಾಲುವೆ, ಕಡಲಿನೊಳಕ್ಕೆ ಎರಡು ಕಿಲೋಮೀಟರಿಗೂ ಉದ್ದದ ಅಲೆತಡೆ. ಏಳೇ ವರ್ಷಕ್ಕೆ ಮಹಾಯುದ್ಧ. ಜರ್ಮನರು ಅದನ್ನು ಜಲಾಂತರ್ಗಾಮಿಗಳ ನೆಲೆ ಮಾಡಿಕೊಂಡರು. 1918ರ ಏಪ್ರಿಲ್ 23ರಂದು ಬ್ರಿಟಿಷರು ಹಳೆಯ ಯುದ್ಧನೌಕೆಗಳನ್ನು ಕಾಲುವೆಯ ಬಾಯಲ್ಲಿ ಮುಳುಗಿಸಿ ದಾರಿ ಮುಚ್ಚಲು ನೋಡಿದರು. 200ಕ್ಕೂ ಹೆಚ್ಚು ಮಂದಿ ಸತ್ತರು. ಕೆಲವೇ ದಿನಗಳಲ್ಲಿ ಜಲಾಂತರ್ಗಾಮಿಗಳು ಪಕ್ಕದಿಂದ ನುಸುಳಿಕೊಂಡು ಹೋಗತೊಡಗಿದವು. 1987ರ ಮಾರ್ಚ್ 6ರಂದು ಇದೇ ಬಂದರಿನಿಂದ ಡೋವರಿಗೆ ಹೊರಟ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಎಂಬ ಹಡಗು ಮುಂಬಾಗಿಲು ಮುಚ್ಚದೆ ಹೊರಟು, ನಿಮಿಷಗಳಲ್ಲಿ ಮಗುಚಿ 193 ಜನ ಅಸುನೀಗಿದರು.

ಈಗ ಜೇಬ್ರುಗ್ ಕಾರುಗಳ ಸಾಗಾಟದಲ್ಲಿ ಜಗತ್ತಿನ ದೊಡ್ಡ ಬಂದರುಗಳಲ್ಲೊಂದು. 2022ರಲ್ಲಿ ಅದು ಮತ್ತೊಂದು ಬಂದರಿನೊಡನೆ ಒಂದಾಯಿತು. ಯಾವುದೆಂದರೆ, ಆಂಟ್‌ವರ್ಪ್. ಜಂಟಿ ಹೆಸರಿನಲ್ಲಿ ಮೊದಲು ಬರುವುದು ಆಂಟ್‌ವರ್ಪ್, ಆಮೇಲೆ ಬ್ರೂಜ್.

ಹಡಗುಗಳು ಮರಳಿ ಬಂದವು. ಸರಕಿನ ಜತೆಗೆ ಜನರನ್ನೂ ತಂದವು. ಹಳೆಯ ಊರಿನೊಳಗೆ ಇಂದು ವಾಸಿಸುವವರು ಸುಮಾರು 20 ಸಾವಿರ. ಊರು ಉಚ್ಛ್ರಾಯದಲ್ಲಿದ್ದಾಗ 40 ಸಾವಿರಕ್ಕೂ ಮೇಲಿದ್ದರೆಂದು ಚರಿತ್ರಕಾರರ ಅಂದಾಜು. ನೋಡಲು ಬರುವವರಾದರೋ 2019ರ ಹೊತ್ತಿಗೆ ವರ್ಷಕ್ಕೆ 80 ಲಕ್ಷಕ್ಕೂ ಅಧಿಕ, ಅವರಲ್ಲಿ ಬಹುಪಾಲು ರಾತ್ರಿ ತಂಗದೆ ಹೋಗುವವರು. ದಿನಸಿ ಅಂಗಡಿ ಇದ್ದಲ್ಲಿ ಚಾಕೊಲೇಟ್ ಅಂಗಡಿ ಬಂದರೆ ನಿವಾಸಿಗೆ ಸಿಹಿಯೆನಿಸದು. 2019ರಲ್ಲಿ ನಗರದ ಆಡಳಿತ ವಿಹಾರ ಹಡಗುಗಳ ಸಂಖ್ಯೆಗೆ ಮಿತಿ ಹಾಕಲು, ಒಂದು ದಿನದ ಪ್ರವಾಸದ ಜಾಹೀರಾತು ನಿಲ್ಲಿಸಲು ತೀರ್ಮಾನಿಸಿತು. ಹಡಗುಗಳು ಬರಲೆಂದು ಕಾಲುವೆ ತೋಡಿಸಿದ ಊರು ಹಡಗುಗಳನ್ನು ಸ್ವಲ್ಪ ದೂರ ನಿಲ್ಲಿರೆಂದಿತು.

ಅದೇ ವರ್ಷ ಕಡಲ ದಂಡೆಯಲ್ಲಿ ಇನ್ನೊಂದು ಕೆಲಸ ನಡೆಯಿತು. ಜ್ವಿನ್ ಅಳಿವೆಯಲ್ಲಿ ಉಳಿದಿರುವುದು ಡಚ್ ಗಡಿಯಂಚಿನ ಒಂದು ತುಂಡು ಉಪ್ಪುಜವುಗು ಮಾತ್ರ. ಬೇಸಿಗೆಯಲ್ಲಿ ಅಲ್ಲಿ ನೇರಳೆ ಬಣ್ಣದ ಹೂವು ಹಾಸುತ್ತದೆ. ಕೊಕ್ಕರೆಗಳು ಗೂಡು ಕಟ್ಟುತ್ತವೆ. ವಲಸೆಯ ಹಕ್ಕಿಗಳು ಇಳಿಯುತ್ತವೆ. 1952ರಿಂದ ಅದು ರಕ್ಷಿತ ನಿಸರ್ಗಧಾಮ. ಆದರೆ ಹೂಳು ತನ್ನ ಹಳೆಯ ಚಾಳಿ ಬಿಟ್ಟಿರಲಿಲ್ಲ. ಜವುಗು ಒಣಗಿ ಗಟ್ಟಿನೆಲವಾಗುತ್ತ ಬಂತು. ಆಗ ಎಂಜಿನಿಯರುಗಳು ಹೊಸ ಒಡ್ಡೊಂದನ್ನು ಒಳನಾಡಿನತ್ತ ಹಿಂದೆ ಸರಿಸಿ ಕಟ್ಟಿ, 19ನೇ ಶತಮಾನದ ಹಳೆಯ ಒಡ್ಡನ್ನು ಒಡೆದು, ಸುಮಾರು 120 ಹೆಕ್ಟೇರ್ ನೆಲವನ್ನು ಉಬ್ಬರದ ನೀರಿಗೆ ಬಿಟ್ಟುಕೊಟ್ಟರು. ಒಳಗೆ ಹೆಚ್ಚು ನೀರು ಬಂದರೆ ಹೊರಹೋಗುವ ಸೆಳೆತ ಹೆಚ್ಚುತ್ತದೆ, ಸೆಳೆತ ಹೆಚ್ಚಿದರೆ ಹೂಳು ಕೊಚ್ಚಿಹೋಗುತ್ತದೆ ಎಂಬುದೇ ಲೆಕ್ಕ. ಈಗ ದಿನಕ್ಕೆರಡು ಸಲ ಸಮುದ್ರ ಅಲ್ಲಿಗೆ ಬಂದು ಹೋಗುತ್ತದೆ.