ಕಲಾದಗಿ ಸೀಮೆಯ ಗಡಿಗಳೂ ಕೂಡಲಸಂಗಮವೂ



ಹೊಳೆ ಹೊಳೆಯನ್ನು ಸೇರುವ ತಾಣಕ್ಕೆ ಕನ್ನಡದಲ್ಲಿ ಕೂಡಲ ಎಂದು ಹೆಸರು. ಅದೇ ಅರ್ಥವನ್ನು ಸಂಗಮ ಎಂಬ ಸಂಸ್ಕೃತ ಪದವೂ ಹೇಳುತ್ತದೆ. ಎರಡೂ ಪದಗಳು ಒಂದೇ ಊರಿನ ಹೆಸರಿನಲ್ಲಿ ಜೊತೆಗೂಡಿ, ಆ ಊರಿನ ದೇವರ ಹೆಸರಾಗಿ, ಕೊನೆಗೆ ವಿಶ್ವಗುರು ಬಸವಣ್ಣನವರ ವಚನಗಳ ಅಂಕಿತವಾಗಿ ನಿಂತಿವೆ. ಬಸವಣ್ಣನವರ ವಚನವನ್ನು ಓದುವ ಪ್ರತಿಯೊಬ್ಬ ಭಕ್ತನೂ, ಅವನು ಯಾವ ನಾಡಿನಲ್ಲಿಯೇ ಇರಲಿ, ವಚನದ ಕೊನೆಯಲ್ಲಿ ಕೃಷ್ಣಾ ಮಲಪ್ರಭೆಯರು ಕೂಡುವ ಈ ಸ್ಥಳಕ್ಕೆ ಬಂದು ಸೇರುತ್ತಾನೆ. ಹೀಗೆ ಕೂಡುವಿಕೆಯನ್ನೇ ಹೆಸರಾಗಿ ಹೊತ್ತ ಕ್ಷೇತ್ರದ ಸುತ್ತಲಿನ ನೆಲವು ಶತಮಾನಗಳ ಕಾಲ ರಾಜ್ಯರಾಜ್ಯಗಳ ಗಡಿಗಳಿಂದ ತುಂಡುತುಂಡಾಗಿದ್ದಿತೆಂಬುದು ಇತಿಹಾಸದ ವೈಚಿತ್ರ್ಯವೇ ಸರಿ.

ಕೂಡಲಸಂಗಮವು ಇಂದು ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲೂಕಿನಲ್ಲಿದೆ. ಪ್ರಾಚೀನ ಕಾವ್ಯಗಳಲ್ಲಿ ಇದಕ್ಕೆ ಕಪ್ಪಡಿಸಂಗಮವೆಂಬ ಹೆಸರೂ ಉಂಟು. ಕಲಾದಗಿಯ ಬದಿಯಲ್ಲಿ ಹರಿಯುವ ಘಟಪ್ರಭೆಯು ಪೂರ್ವಕ್ಕೆ ಸಾಗಿ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಪಟ್ಟದಕಲ್ಲು, ಐಹೊಳೆಗಳ ಬದಿಯಿಂದ ಹರಿದುಬಂದು ಕೂಡಲಸಂಗಮದಲ್ಲಿ ಅದೇ ಕೃಷ್ಣೆಯೊಡನೆ ಒಂದಾಗುತ್ತದೆ. ಇಲ್ಲಿರುವ ಸಂಗಮೇಶ್ವರ ದೇವಾಲಯವು ಚಾಲುಕ್ಯ ಶೈಲಿಯ ಕಟ್ಟಡ. ಬಾಲಕ ಬಸವಣ್ಣನವರು ಬಾಗೇವಾಡಿಯ ಅಗ್ರಹಾರವನ್ನು ತೊರೆದು ಬಂದು ಗುರುಗಳ ಆಶ್ರಯದಲ್ಲಿ ವಿದ್ಯೆಯನ್ನು ಕಲಿತುದು ಇಲ್ಲಿಯೇ. ಕಲ್ಯಾಣದ ಕ್ರಾಂತಿಯ ಬಳಿಕ ಅವರು ಮರಳಿ ಬಂದು ಲಿಂಗೈಕ್ಯರಾದುದೂ ಇಲ್ಲಿಯೇ. ಅವರ ಐಕ್ಯಮಂಟಪವು ದೇವಾಲಯದ ಸಮೀಪದಲ್ಲಿಯೇ ಇದೆ.

ಹನ್ನೆರಡನೆಯ ಶತಮಾನದಲ್ಲಿ ಈ ಸೀಮೆಯು ಸಣ್ಣ ಸಣ್ಣ ನಾಡುಗಳಾಗಿ ಹಂಚಿಹೋಗಿದ್ದಿತು. ಬಾಗಲಕೋಟೆಯ ಸುತ್ತಿನದು ಬಾಗಡಗೆ ಎಪ್ಪತ್ತು, ಪಟ್ಟದಕಲ್ಲಿನ ಸುತ್ತಿನದು ಕಿಸುಕಾಡು ಎಪ್ಪತ್ತು, ಬಾದಾಮಿಯ ಹತ್ತಿರದ್ದು ಕೆಲವಾಡಿ ಮುನ್ನೂರು, ಕೃಷ್ಣೆಯ ಉತ್ತರಕ್ಕೆ ವಿಜಾಪುರದ ಕಡೆಯದು ತರ್ದವಾಡಿ ಸಾಸಿರ. ಬಸವಣ್ಣನವರ ಹೆಸರನ್ನು ಹೇಳುವ ಕ್ರಿ.ಶ. ೧೨೬೦ರ ಅರ್ಜುನವಾಡ ಶಾಸನವು ಬಾಗೇವಾಡಿಯನ್ನು ತರ್ದವಾಡಿಯೊಳಗಿನ ಊರೆಂದು ಗುರುತಿಸುತ್ತದೆ. ಹಾಗೆಂದ ಮೇಲೆ ಬಾಗೇವಾಡಿಯಿಂದ ಸಂಗಮಕ್ಕೆ ಬಂದ ಬಾಲಕನು ಹೊಳೆಯನ್ನಷ್ಟೇ ಅಲ್ಲದೆ ಒಂದು ನಾಡಿನ ಎಲ್ಲೆಯನ್ನೂ ದಾಟಿ ಬಂದಿದ್ದನು. ಮುಂದೆ ಮಂಗಳವೇಡೆಯಲ್ಲಿ ಬಿಜ್ಜಳನ ಬಳಿ ಕಾಯಕ, ಅಲ್ಲಿಂದ ಕಲ್ಯಾಣ, ಮತ್ತೆ ಸಂಗಮ. ನಾಡುಗಳ ಹೆಸರು ಬದಲಾದರೂ ಹಾದಿಯಲ್ಲಿ ತಡೆಯಿರಲಿಲ್ಲ. ಕಾಶ್ಮೀರದಿಂದ ಮೋಳಿಗೆಯ ಮಾರಯ್ಯನವರೂ ಸೌರಾಷ್ಟ್ರದಿಂದ ಆದಯ್ಯನವರೂ ಬಂದರೆಂದು ಶರಣಪರಂಪರೆ ನಂಬುತ್ತದೆ. ಅನುಭವ ಮಂಟಪದ ಬಾಗಿಲಲ್ಲಿ ಯಾವ ರಾಜ್ಯದವನೆಂದು ಕೇಳುವವರಿರಲಿಲ್ಲ. ಯಾವ ಕಾಯಕದವನೆಂದಷ್ಟೇ ಕೇಳುತ್ತಿದ್ದರು.

ಕಾಲಾಂತರದಲ್ಲಿ ಕೃಷ್ಣೆಯೇ ಗಡಿಯಾದಳು. ಬಹಮನಿ ಮತ್ತು ವಿಜಯನಗರ ಅರಸರು ಕೃಷ್ಣಾ ತುಂಗಭದ್ರೆಗಳ ನಡುವಿನ ದೋಆಬಿಗಾಗಿ ತಲೆಮಾರುಗಳವರೆಗೆ ಕಾದಾಡಿದರು. ೧೫೬೫ರಲ್ಲಿ ವಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರಗಳ ಸುಲ್ತಾನರು ಒಂದುಗೂಡಿ ವಿಜಯನಗರದ ಸೈನ್ಯವನ್ನು ಮುರಿದ ಯುದ್ಧಕ್ಕೆ ರಕ್ಕಸಗಿ-ತಂಗಡಗಿಯ ಯುದ್ಧವೆಂದು ಹೆಸರಾಯಿತು. ಐದು ರಾಜ್ಯಗಳ ಹಣೆಬರಹವು ಹೀಗೆ ಈ ಸೀಮೆಯ ಹಳ್ಳಿಗಳ ಹೆಸರಿನೊಡನೆ ತಳಕುಹಾಕಿಕೊಂಡಿತು.

ಇತಿಹಾಸದ ಪುಸ್ತಕಗಳಿಗೆ ತಂಗಡಗಿಯು ರಣಭೂಮಿಯ ಹೆಸರು. ಶರಣರಿಗಾದರೋ ಅದು ತಾಯಿ ನೀಲಾಂಬಿಕೆಯವರ ಐಕ್ಯಸ್ಥಳ. ಸಂಗಮದಲ್ಲಿದ್ದ ಬಸವಣ್ಣನವರು ನೀಲಾಂಬಿಕೆಯವರನ್ನು ಕರೆತರಲು ಹಡಪದ ಅಪ್ಪಣ್ಣನವರನ್ನು ಕಲ್ಯಾಣಕ್ಕೆ ಕಳುಹಿಸಿದರು. ತಾಯಿಯವರು ಕೃಷ್ಣೆಯ ಆಚೆ ದಡದ ತಂಗಡಗಿಗೆ ಬರುವಷ್ಟರಲ್ಲಿ ಬಸವಣ್ಣನವರು ಬಯಲಾದ ಸುದ್ದಿ ತಲುಪಿತು. ಆಗ ಅವರು ಹೊಳೆಯನ್ನು ದಾಟಲು ಆತುರಪಡಲಿಲ್ಲ. ಆ ದಡದಲ್ಲಿರುವ ಸಂಗಯ್ಯನು ಈ ದಡದಲ್ಲಿಯೂ ಇರುವನೆಂದು ತಿಳಿದು, ನಿಂತ ನೆಲದಲ್ಲಿಯೇ ಲಿಂಗದಲ್ಲಿ ಒಂದಾದರು ಎಂಬುದು ಪರಂಪರೆಯ ಕಥನ. ಸುಲ್ತಾನರೂ ರಾಯರೂ ಯಾವ ಹೊಳೆಯನ್ನು ಎಲ್ಲೆಯೆಂದು ತಿಳಿದು ರಕ್ತ ಹರಿಸಿದರೋ, ಅದೇ ಹೊಳೆಯ ದಡದಲ್ಲಿ ಒಬ್ಬ ಶರಣೆಯು ಅದಕ್ಕೂ ನಾಲ್ಕು ಶತಮಾನಗಳ ಹಿಂದೆಯೇ ಎಲ್ಲೆಯೆಂಬುದನ್ನು ಮೀರಿ ನಿಂತಿದ್ದರು. ಕಲಾದಗಿ ಸೀಮೆಯ ಗಡಿಗಳ ಕಥೆಯನ್ನು ಅರಿಯುವಾಗ ಭಕ್ತರು ಈ ನಿಲುವನ್ನು ಮರೆಯಬಾರದು.

೧೮೧೮ರಲ್ಲಿ ಪೇಶವೆಯರ ಆಳ್ವಿಕೆ ಮುಗಿದು ಬಾದಾಮಿ, ಬಾಗಲಕೋಟೆಗಳು ಇಂಗ್ಲಿಷರ ವಶವಾದವು. ೧೮೬೪ರಲ್ಲಿ ಕಲಾದಗಿಯು ಜಿಲ್ಲಾ ಕೇಂದ್ರವಾಯಿತು. ೧೮೮೫ರಲ್ಲಿ ಕಚೇರಿಗಳು ವಿಜಾಪುರಕ್ಕೆ ಹೋದ ಮೇಲೆ ಜಿಲ್ಲೆಯ ಹೆಸರೂ ಬದಲಾಯಿತು. ಕಲಾದಗಿ ಮತ್ತೆ ಸಾಮಾನ್ಯ ಊರಾಯಿತು. ಆ ಕಾಲದ ನಕಾಶೆಯನ್ನು ನೋಡಿದರೆ ಕೌದಿಯ ಚೂರುಗಳು ನೆನಪಾಗುತ್ತವೆ. ಕಲಾದಗಿ, ಬಾಗಲಕೋಟೆ, ಬಾದಾಮಿ, ಹುನಗುಂದಗಳು ಮುಂಬಯಿ ಇಲಾಖೆಯವು. ಪಶ್ಚಿಮಕ್ಕೆ ಘೋರ್ಪಡೆಯವರ ಮುಧೋಳ ಸಂಸ್ಥಾನ, ವಾಯವ್ಯಕ್ಕೆ ಪಟವರ್ಧನರ ಜಮಖಂಡಿ ಸಂಸ್ಥಾನ, ನೈಋತ್ಯಕ್ಕೆ ರಾಮದುರ್ಗ ಸಂಸ್ಥಾನ. ತೇರದಾಳ ಮತ್ತು ರಬಕವಿಗಳು ದೂರದ ಸಾಂಗಲಿಯವು. ರಬಕವಿಗೆ ಅಂಟಿಕೊಂಡಂತಿರುವ ಬನಹಟ್ಟಿಯು ಜಮಖಂಡಿಯದು. ಒಂದೇ ಬಗೆಯ ಸೀರೆ ನೇಯುವ, ಒಂದೇ ಗುರುವಿಗೆ ನಡೆದುಕೊಳ್ಳುವ ನೇಕಾರರು ಅಕ್ಕಪಕ್ಕದಲ್ಲಿದ್ದೂ ಎರಡು ರಾಜ್ಯಗಳ ಪ್ರಜೆಗಳಾಗಿದ್ದರು. ಜಮಖಂಡಿಯ ಅರಸರಿಗೆ ಧಾರವಾಡದ ಕಡೆಯ ಕುಂದಗೋಳವೂ ಸೇರಿತ್ತು. ತಮ್ಮದೇ ಊರಿಗೆ ಹೋಗಲು ಅವರು ಪರರಾಜ್ಯಗಳನ್ನು ದಾಟಬೇಕಾಗಿತ್ತು. ಪೂರ್ವದಲ್ಲಿ ಇಳಕಲ್ಲಿನ ಆಚೆಗೆ ಕುಷ್ಟಗಿ, ಲಿಂಗಸೂಗೂರುಗಳು ಹೈದರಾಬಾದಿನ ನಿಜಾಮರವು. ಅಲ್ಲಿಯ ನಾಣ್ಯವು ಹಾಲಿ ಸಿಕ್ಕಾ, ಆಡಳಿತದ ಭಾಷೆ ಉರ್ದು. ಗಡಿ ದಾಟುವ ಸರಕಿಗೆ ಬೇರೆಯೇ ಸುಂಕ.

ಶರಣರ ಪಾದಸ್ಪರ್ಶದಿಂದ ಪಾವನವಾದ ಕ್ಷೇತ್ರಗಳೂ ಈ ವಿಭಜನೆಯಿಂದ ತಪ್ಪಿಸಿಕೊಳ್ಳಲಿಲ್ಲ. ಬಾಗೇವಾಡಿ, ಕೂಡಲಸಂಗಮ, ಸಿದ್ಧರಾಮೇಶ್ವರರ ಸೊನ್ನಲಿಗೆ ಮತ್ತು ಚನ್ನಬಸವಣ್ಣನವರ ಉಳವಿಗಳು ಮುಂಬಯಿ ಇಲಾಖೆಗೆ ಸೇರಿದವು. ಕಲ್ಯಾಣವು ನಿಜಾಮರಿಗೆ, ಮಂಗಳವೇಡೆಯು ಸಾಂಗಲಿಗೆ ಹೋದವು. ಅಲ್ಲಮಪ್ರಭುಗಳ ಬಳ್ಳಿಗಾವೆ ಮತ್ತು ಅಕ್ಕನ ಉಡುತಡಿಗಳು ಮೈಸೂರಿನಲ್ಲಿದ್ದವು. ಅಕ್ಕನು ಅರಸಿ ಹೋದ ಶ್ರೀಶೈಲವು ಮದರಾಸು ಇಲಾಖೆಯಲ್ಲಿದ್ದಿತು. ಬಸವಣ್ಣನವರ ಒಂದು ಜೀವಿತದ ಹಾದಿಯನ್ನು ನಡೆಯಬೇಕೆಂದರೆ ಭಕ್ತನು ಮೂರು ಸರಕಾರಗಳ ಸೀಮೆಗಳಲ್ಲಿ ಹಾಯಬೇಕಾಗಿತ್ತು.

ಈ ಗಡಿಗಳು ಬರಿಯ ಕಾಗದದ ಗೆರೆಗಳಾಗಿರಲಿಲ್ಲ. ೧೮೫೭ರ ನವೆಂಬರಿನಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದಾಗ ಇಂಗ್ಲಿಷ್ ಸೈನ್ಯವು ಸಂಸ್ಥಾನದೊಳಗೆ ನುಗ್ಗಿ ಊರನ್ನು ಸುಟ್ಟಿತು. ಅರಸರು ಬೇರೆಯಾದರೂ ಬೆಂಕಿಗೆ ಎಲ್ಲೆಯಿರಲಿಲ್ಲ. ೧೯೪೭-೪೮ರಲ್ಲಿ ನಿಜಾಮ ಸೀಮೆಯಲ್ಲಿ ರಜಾಕಾರರ ಹಾವಳಿ ಮಿತಿಮೀರಿದಾಗ ಎಷ್ಟೋ ಕುಟುಂಬಗಳು ಪ್ರಾಣ ಉಳಿಸಿಕೊಳ್ಳಲು ಗಡಿಯ ಈಚೆಗೆ ಬಂದವು. ಗಜೇಂದ್ರಗಡ, ಮುಂಡರಗಿ ಮೊದಲಾದ ಊರುಗಳಲ್ಲಿ ಹೋರಾಟಗಾರರ ಶಿಬಿರಗಳು ನಡೆದವು. ನಿನ್ನೆಯವರೆಗೆ ಸುಂಕ ಕೊಟ್ಟು ದಾಟುತ್ತಿದ್ದ ಗೆರೆಯು ಅಂದು ಸಾವು-ಬದುಕಿನ ಗೆರೆಯಾಯಿತು.

ಇಂತಹ ಒಡೆದ ನೆಲದಲ್ಲಿ ವಚನಗಳು ಎಲ್ಲಿದ್ದವು? ಮಠಗಳ ಮಾಡಗಳಲ್ಲಿ, ಭಕ್ತರ ಮನೆಯ ಜಗುಲಿಗಳ ಮೇಲೆ ಪೂಜೆಗೊಳ್ಳುತ್ತ ತಾಳೆಗರಿಯ ಕಟ್ಟುಗಳಾಗಿ ಉಳಿದಿದ್ದವು. ಒಂದು ಕಟ್ಟು ಸಂಸ್ಥಾನದ ಊರಿನಲ್ಲಿದ್ದರೆ ಮತ್ತೊಂದು ಮುಂಬಯಿ ಇಲಾಖೆಯಲ್ಲಿ, ಇನ್ನೊಂದು ಮೈಸೂರಿನಲ್ಲಿ. ಅವುಗಳನ್ನು ಕೂಡಿಸುವ ಕಾಯಕವನ್ನು ಕೈಗೊಂಡವರು ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (೧೮೮೦-೧೯೬೪). ಊರೂರು ಅಲೆದು ಓಲೆಗಳನ್ನು ಸಂಗ್ರಹಿಸಿ ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಬೆಳಗಾವಿಯಲ್ಲಿ ಅಚ್ಚುಹಾಕಿಸಿದರು. ೧೯೨೫ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯ, ೧೯೨೬ರಲ್ಲಿ ಶಿವಾನುಭವ ಪತ್ರಿಕೆ. ಇದಕ್ಕಾಗಿ ತಾವಿದ್ದ ಮನೆಯನ್ನೇ ಮಾರಿದರು. ಕರ್ನಾಟಕವು ನಕಾಶೆಯಲ್ಲಿ ಒಂದಾಗುವುದಕ್ಕೆ ಮೂರು ದಶಕಗಳ ಮುಂಚೆಯೇ ಶರಣರ ನುಡಿಗಳು ಒಂದು ಪುಸ್ತಕದ ಹಾಳೆಗಳಲ್ಲಿ ಹೀಗೆ ಒಂದಾದವು. ಇದನ್ನು ಎರಡನೆಯ ಕೂಡಲಸಂಗಮವೆಂದರೆ ತಪ್ಪಾಗದು.

೧೯೪೮ರಲ್ಲಿ ಸಂಸ್ಥಾನಗಳ ಕಾಲ ಮುಗಿಯಿತು. ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ ಜನಿಸಿದ ಬಸಪ್ಪ ದಾನಪ್ಪ ಜತ್ತಿಯವರು ಆಗ ಜಮಖಂಡಿ ಸಂಸ್ಥಾನದ ಆಡಳಿತದ ಚುಕ್ಕಾಣಿ ಹಿಡಿದಿದ್ದರು. ತಮ್ಮ ಕೈಯಲ್ಲಿದ್ದ ಅಧಿಕಾರವನ್ನು ತಾವೇ ವಿಸರ್ಜಿಸಿ ಸಂಸ್ಥಾನವನ್ನು ಮುಂಬಯಿ ಪ್ರಾಂತದಲ್ಲಿ ವಿಲೀನಗೊಳಿಸುವ ಕಾರ್ಯದಲ್ಲಿ ಅವರು ಮುಂದಾಳಾದರು. ಮುಂದೆ ರಾಜ್ಯದ ಮುಖ್ಯಮಂತ್ರಿಗಳೂ ದೇಶದ ಉಪರಾಷ್ಟ್ರಪತಿಗಳೂ ಆದ ಅವರು ೧೯೬೪ರಲ್ಲಿ ಬೆಂಗಳೂರಿನಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿ ವಚನಗಳನ್ನು ಭಾಷೆಗಳ ಗಡಿಯಾಚೆಗೂ ಒಯ್ಯುವ ದಾರಿ ತೆರೆದರು. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತವನ್ನು ಸೇರಿತು. ೧೯೫೬ರ ನವೆಂಬರ್ ೧ರಂದು ಬಾಗೇವಾಡಿ, ಸಂಗಮ, ಕಲ್ಯಾಣಗಳು ಒಂದೇ ರಾಜ್ಯದಲ್ಲಿ ಸೇರಿದವು, ಕಲ್ಯಾಣವು ಬಸವಕಲ್ಯಾಣವಾಯಿತು. ಮಂಗಳವೇಡೆ, ಸೊನ್ನಲಿಗೆಗಳು ಹೊರಗುಳಿದು ಇಂದು ಮಹಾರಾಷ್ಟ್ರದಲ್ಲಿವೆ. ಆದರೂ ಸಿದ್ಧರಾಮೇಶ್ವರರ ಜಾತ್ರೆಗೆ ಹೋಗುವ ಕನ್ನಡ ಭಕ್ತನು ಪರರಾಜ್ಯಕ್ಕೆ ಹೋದೆನೆಂದು ಬಗೆಯುವುದಿಲ್ಲ.

ನೆಲದ ಗಡಿಗಳು ಹೀಗೆ ಸಡಿಲಾದ ಮೇಲೆ ನೀರಿನ ಗಡಿಗಳು ಬಿಗಿಯಾದವು. ಕೃಷ್ಣೆಯು ಮಹಾಬಳೇಶ್ವರದಲ್ಲಿ ಹುಟ್ಟಿ ರಾಜ್ಯಗಳನ್ನು ದಾಟಿ ಕಡಲನ್ನು ಸೇರುವವಳು. ೧೯೬೯ರಲ್ಲಿ ನೇಮಕಗೊಂಡ ಬಚಾವತ್ ನ್ಯಾಯಮಂಡಳಿಯು ೨೦೬೦ ಟಿ.ಎಂ.ಸಿ. ನೀರನ್ನು ಮಹಾರಾಷ್ಟ್ರಕ್ಕೆ ೫೬೦, ಕರ್ನಾಟಕಕ್ಕೆ ೭೦೦, ಆಂಧ್ರಪ್ರದೇಶಕ್ಕೆ ೮೦೦ ಎಂದು ಹಂಚಿತು. ೨೦೧೪ರಲ್ಲಿ ತೆಲಂಗಾಣವಾದ ಮೇಲೆ ಪಾಲುದಾರರು ನಾಲ್ವರಾದರು. ಕರ್ನಾಟಕದ ಪಾಲಿನ ನೀರನ್ನು ಹಿಡಿಯಲು ಆಲಮಟ್ಟಿಯಲ್ಲಿಯೂ ನಾರಾಯಣಪುರದಲ್ಲಿಯೂ ಅಣೆಕಟ್ಟುಗಳೆದ್ದವು. ೧೯೮೨ರಲ್ಲಿ ಮುಗಿದ ನಾರಾಯಣಪುರದ ಜಲಾಶಯಕ್ಕೆ ಬಸವಸಾಗರವೆಂದು ಹೆಸರಿಟ್ಟರು. ಅಣೆಕಟ್ಟು ನಿಂತುದು ಹಿಂದಿನ ನಿಜಾಮ ಸೀಮೆಯಲ್ಲಿ; ಅದರ ಹಿನ್ನೀರು ಬಂದು ನಿಂತುದು ಹಿಂದಿನ ಮುಂಬಯಿ ಸೀಮೆಯ ಹುನಗುಂದ, ಮುದ್ದೇಬಿಹಾಳಗಳಲ್ಲಿ. ಬಸವಣ್ಣನವರ ಹೆಸರಿನ ಸಾಗರವು ಬಸವಣ್ಣನವರ ಐಕ್ಯಸ್ಥಳವನ್ನೇ ಸುತ್ತುವರಿಯಿತು.

ಐಕ್ಯಮಂಟಪವನ್ನು ಬೇರೆಡೆಗೆ ಸಾಗಿಸಲಿಲ್ಲ. ಸುತ್ತಲೂ ಬಾವಿಯಂತೆ ದುಂಡನೆಯ ಗೋಡೆಯನ್ನು ಕಟ್ಟಿ, ಒಳಗೆ ಇಳಿಯಲು ಮೆಟ್ಟಿಲುಗಳನ್ನು ಮಾಡಿ, ಮಂಟಪವನ್ನು ಅದು ಇದ್ದ ಸ್ಥಳದಲ್ಲಿಯೇ ಕಾಯ್ದುಕೊಂಡರು. ಜಲಾಶಯವು ತುಂಬಿದಾಗ ಭಕ್ತರು ನೀರಿನ ಮಟ್ಟಕ್ಕಿಂತ ಕೆಳಗಿಳಿದು ಐಕ್ಯಲಿಂಗದ ದರ್ಶನ ಪಡೆಯುತ್ತಾರೆ. ಆದರೆ ಹೊಳೆದಂಡೆಯ ಹಳ್ಳಿಗಳಿಗೆ ಇಂತಹ ಗೋಡೆಯಿರಲಿಲ್ಲ. ಎರಡು ಜಲಾಶಯಗಳ ನೀರಿನಲ್ಲಿ ಹೊಲ, ಮನೆ, ಹಿರಿಯರ ಸಮಾಧಿಗಳು ಮುಳುಗಿದವು. ಹಳೆಯ ಬಾಗಲಕೋಟೆಯ ಬಹುಭಾಗವೂ ಆಲಮಟ್ಟಿಯ ಹಿನ್ನೀರಿಗೆ ತೆರವಾಗಿ ನವನಗರವು ಹುಟ್ಟಿತು. ಆ ನೀರು ಕಾಲುವೆಗಳ ಮೂಲಕ ಸುರಪುರ, ಶಹಾಪುರ, ದೇವದುರ್ಗ, ರಾಯಚೂರುಗಳ ಬಾಯಾರಿದ ಹೊಲಗಳಿಗೆ ಹರಿಯಿತು. ಒಂದು ಕಾಲಕ್ಕೆ ಸುಂಕದ ಗೆರೆಯಾಚೆಗಿದ್ದ ನೆಲಕ್ಕೆ ಈಚೆಗಿನವರ ನೆಲವನ್ನು ದಾಟಿ ಅನ್ನ ಹೋಯಿತು.

ಇದನ್ನು ದಾಸೋಹವೆನ್ನಬಹುದೇ? ಸುಲಭವಾಗಿ ಹೌದೆನ್ನುವಂತಿಲ್ಲ. ದಾಸೋಹವೆಂದರೆ ಮನಃಪೂರ್ವಕವಾಗಿ, ಕೊಟ್ಟೆನೆಂಬ ಭಾವವೂ ಉಳಿಯದಂತೆ ಕೊಡುವುದು. ಮುಳುಗಡೆಯಾದ ಊರುಗಳ ಜನರನ್ನು ಯಾರೂ ಮನಸ್ಸನ್ನು ಕೇಳಿ ಎಬ್ಬಿಸಲಿಲ್ಲ. ಆದುದರಿಂದ ಅವರ ತ್ಯಾಗವನ್ನು ಹೊಗಳಿ ಸುಮ್ಮನಾಗುವುದು ಶರಣಧರ್ಮವಲ್ಲ. ನೀರನ್ನು ಉಂಡವರು ನೆಲವನ್ನು ಕಳೆದುಕೊಂಡವರ ಋಣವನ್ನು ನೆನೆಯುವುದು, ಅವರ ಬದುಕು ನೆಲೆಗೊಳ್ಳುವವರೆಗೆ ಜೊತೆ ನಿಲ್ಲುವುದು ಸಮಾಜದ ಕರ್ತವ್ಯ. ಆ ಕರ್ತವ್ಯ ನೆರವೇರಿದಾಗಲೇ ಬಸವಸಾಗರವೆಂಬ ಹೆಸರು ಸಾರ್ಥಕವಾದೀತು.

ಶರಣರು ಸ್ಥಾವರ ಮತ್ತು ಜಂಗಮ ಎಂಬ ಎರಡು ಪದಗಳನ್ನು ಮತ್ತೆ ಮತ್ತೆ ಬಳಸಿದರು. ಒಂದು ನಿಂತುದು, ಇನ್ನೊಂದು ನಡೆಯುವುದು. ಗಡಿಕಲ್ಲು ಸ್ಥಾವರ. ಈ ಸೀಮೆಯಲ್ಲಿ ನೆಟ್ಟ ಗಡಿಕಲ್ಲುಗಳಲ್ಲಿ ತರ್ದವಾಡಿಯದೂ ಇಲ್ಲ, ಆದಿಲಶಾಹಿಯದೂ ಇಲ್ಲ, ಪಟವರ್ಧನರದೂ ನಿಜಾಮರದೂ ಇಲ್ಲ. ಕಲಾದಗಿ ಜಿಲ್ಲೆಯ ಹೆಸರೇ ಹೋಯಿತು. ೧೯೯೭ರಲ್ಲಿ ಬಾಗಲಕೋಟೆಯ ಹೆಸರಿನಲ್ಲಿ ಹೊಸ ಜಿಲ್ಲೆ ಬಂದಿತು. ರಬಕವಿ ಬನಹಟ್ಟಿಗಳ ಹೆಸರನ್ನು ಇಂದು ಜನರು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಬಾಗೇವಾಡಿಯಿಂದ ಸಂಗಮಕ್ಕೆ ನಡೆದುಬಂದ ಹಾದಿಯಾದರೋ ಇಂದಿಗೂ ಸವೆಯುತ್ತಿದೆ. ಆ ಹಾದಿಯಲ್ಲಿ ನಡೆಯುವವರು ಯಾವ ಊರಿನವರು, ಯಾವ ಕುಲದವರು, ಯಾವ ರಾಜ್ಯದವರು ಎಂದು ಕೇಳದೆ ಒಳಗೆ ಕರೆದುಕೊಳ್ಳುವ ಮನಸ್ಸು ಇರುವಷ್ಟು ಕಾಲ ಕೂಡಲ ಎಂಬ ಮಾತಿಗೆ ಅರ್ಥವಿರುತ್ತದೆ. ಹೊರಗಿನ ಗಡಿಗಳನ್ನು ಅರಸರು ಎಳೆದರು, ಕಾಲವು ಅಳಿಸಿತು. ಮನೆಯ ಹೊಸ್ತಿಲಿನಲ್ಲಿ, ಮನದ ಮೂಲೆಯಲ್ಲಿ ಎಳೆದುಕೊಂಡ ಗಡಿಗಳನ್ನು ಅಳಿಸುವುದು ಪ್ರತಿಯೊಬ್ಬ ಭಕ್ತನ ಪಾಲಿನ ಕಾಯಕವಾಗಿ ಉಳಿದಿದೆ.