ತೆರೆಯ ಹಿಂದಿನ ಕಸುಬು: ಎಂ.ಎಸ್. ಸತ್ಯು ಅವರ ವೃತ್ತಿಪಥ

ಕನ್ನಡ ರಂಗಭೂಮಿಯ ಚರಿತ್ರೆ ಬಹುಮಟ್ಟಿಗೆ ನಟರ ಹಾಗೂ ನಾಟಕಕಾರರ ಚರಿತ್ರೆಯಾಗಿಯೇ ರಚನೆಗೊಂಡಿದೆ. ಗುಬ್ಬಿ ಕಂಪನಿಯು 1934ರಲ್ಲಿ ಆನೆ, ಕುದುರೆಗಳೊಡನೆ ‘ಕುರುಕ್ಷೇತ್ರ’ವನ್ನು ಪ್ರದರ್ಶಿಸಿದುದು ಜನಮನದಲ್ಲಿ ಉಳಿದಿದೆ, ಆ ವೈಭವವನ್ನು ಸಾಧ್ಯವಾಗಿಸಿದ ಪರದೆಯವರು, ದೀಪದವರು ಅಷ್ಟಾಗಿ ಉಳಿದಿಲ್ಲ.

ಈ ಹಿನ್ನೆಲೆಯಲ್ಲಿ ಮೈಸೂರಿನಲ್ಲಿ 1930ರಲ್ಲಿ ಜನಿಸಿದ ಎಂ.ಎಸ್. ಸತ್ಯು ಅವರ ವೃತ್ತಿಪಥವು ಗಮನಾರ್ಹವಾದುದು. 1952ರಲ್ಲಿ ವಿಜ್ಞಾನ ಪದವಿಯ ವ್ಯಾಸಂಗವನ್ನು ಅರ್ಧಕ್ಕೇ ತೊರೆದ ಅವರು ಕೆಲಕಾಲ ಅನಿಮೇಷನ್ ಕೆಲಸ ಮಾಡಿದರು. ಸಂಬಳದ ಮೊದಲ ಉದ್ಯೋಗ ದೊರೆತದ್ದು ಚೇತನ್ ಆನಂದರ ಸಹಾಯಕ ನಿರ್ದೇಶಕರಾಗಿ. ಹಿಂದೂಸ್ತಾನಿ ಥಿಯೇಟರ್, ದೆಹಲಿಯ ಕನ್ನಡ ಭಾರತಿ ಮೊದಲಾದ ತಂಡಗಳಿಗೆ ಅವರು ರಂಗವಿನ್ಯಾಸ ಮಾಡಿದರು. ಚಲನಚಿತ್ರದಲ್ಲಿ ಅವರಿಗೆ ಸ್ವತಂತ್ರ ಸ್ಥಾನವನ್ನು ದೊರಕಿಸಿದುದೂ ನಿರ್ದೇಶನವಲ್ಲ, ಈ ವಿನ್ಯಾಸದ ಕಸುಬೇ: ‘ಹಕೀಕತ್’ (1964) ಚಿತ್ರದ ಕಲಾನಿರ್ದೇಶನಕ್ಕೆ 1965ರ ಫಿಲಂಫೇರ್ ಪ್ರಶಸ್ತಿ ಸಂದಿತು.

ಅವರ ‘ಗರ್ಮ್ ಹವಾ’ (1973) ಚಿತ್ರವನ್ನು ದೇಶವಿಭಜನೆಯ ಕಥನವೆಂದು ಚರ್ಚಿಸಿದಷ್ಟು ರಂಗವಿನ್ಯಾಸಕಾರನ ಕೃತಿಯೆಂದು ಚರ್ಚಿಸಿಲ್ಲ. ಆದರೆ ಅಲ್ಲಿ ಆಗ್ರಾದ ಹವೇಲಿಯೇ ಒಂದು ಪಾತ್ರ. ಮನೆ ತೆರವು ಮಾಡುವ ದಿನ ವೃದ್ಧೆ ಹೊರಡಲೊಲ್ಲದೆ ಅದರೊಳಗೇ ಅವಿತುಕೊಳ್ಳುತ್ತಾಳೆ. ಕುಟುಂಬವು ಕಳೆದುಕೊಳ್ಳುತ್ತಿರುವುದೇನೆಂಬುದನ್ನು ಅಲ್ಲಿ ಮಾತಿಗಿಂತ ಮೊದಲು ಆ ಗೋಡೆ, ಮೆಟ್ಟಿಲು, ಮೂಲೆಗಳೇ ತಿಳಿಸುತ್ತವೆ.