ಘಟಪ್ರಭೆಯ ಬಿಳಿ ಟೋಪಿ, ನಮ್ಮ ಹುಡುಗರ ಕೇಸರಿ ಶಾಲು

ಹೋದ ಗಣೇಶ ಹಬ್ಬದಾಗ ನನ್ನ ಅಕ್ಕನ ಮಗ ಕೊರಳಿಗೆ ಕೇಸರಿ ಶಾಲು ಹಾಕಿಕೊಂಡು ಟ್ರ್ಯಾಕ್ಟರಿನ ಮುಂದೆ ನಡೆಯುತ್ತಿದ್ದ. ವಯಸ್ಸು ಇಪ್ಪತ್ತು. ಗೋಕಾಕದಲ್ಲಿ ಬಿ.ಕಾಂ. ಓದುತ್ತಾನೆ. ಕಟ್ಟೆಯ ಮೇಲೆ ಕುಳಿತಿದ್ದ ನಮ್ಮಪ್ಪ ಮೊಮ್ಮಗನನ್ನು ನೋಡಿ, "ನಮ್ಮ ಹುಡುಗ್ರು ಯಾವಾಗ ಹಿಂಗಾದ್ವೋ?" ಎಂದರು. ಸಿಟ್ಟಿನಿಂದ ಹೇಳಿದ ಮಾತಲ್ಲ, ಆಶ್ಚರ್ಯದಿಂದ ಹೇಳಿದ್ದು. ಅವರೂ ಪ್ರಾಯದಲ್ಲಿ ಶಾಲು ಹಾಕಿದವರೇ. ಅವರದು ಹಸಿರು ಶಾಲು, ರೈತ ಸಂಘದ್ದು.

ಈ ಪ್ರಶ್ನೆಯನ್ನು ಗೋಕಾಕ, ಮೂಡಲಗಿ, ಹುಕ್ಕೇರಿಯ ಚಹಾದಂಗಡಿಗಳಲ್ಲಿ ನಾನು ಎಷ್ಟೋ ಸಲ ಕೇಳಿದ್ದೇನೆ. ಉತ್ತರವೂ ಹೆಚ್ಚುಕಡಿಮೆ ಒಂದೇ: 2014ರ ಮೋದಿ ಅಲೆ, 2016ರಲ್ಲಿ ಬಂದ ಜಿಯೋ ಸಿಮ್, ಕೈಯಾಗಿನ ಮೊಬೈಲು. ಸುಳ್ಳೇನಲ್ಲ. ಆದರೆ ಮೊಬೈಲು ಬಂದಾಗ ಹುಡುಗರು ಕೂಡುವ ಜಾಗ ಯಾರ ಕೈಯಲ್ಲಿತ್ತು ಎಂಬುದನ್ನೂ ನೋಡಬೇಕು. ಅದಕ್ಕೆ ನೂರು ವರ್ಷ ಹಿಂದೆ ಹೋಗಬೇಕು. ದೂರ ಬೇಡ, ನಮ್ಮ ಘಟಪ್ರಭೆಗೇ ಹೋದರಾಯಿತು.

ಘಟಪ್ರಭೆಯಲ್ಲಿ ಡಾ. ನಾ. ಸು. ಹರ್ಡೀಕರರ ಹೆಸರು ಇವತ್ತಿಗೂ ಇದೆ. ಆದರೆ ಹರ್ಡೀಕರ ಎಂದರೆ ನಮ್ಮ ಹುಡುಗರು ಹರ್ಡೇಕರ ಮಂಜಪ್ಪ ಎಂದುಕೊಳ್ಳುತ್ತಾರೆ. ಅವರು ಬೇರೆ, ಇವರು ಬೇರೆ. ಇವರು 1889ರಲ್ಲಿ ಧಾರವಾಡದಲ್ಲಿ ಹುಟ್ಟಿದ ವೈದ್ಯರು. ಅಮೆರಿಕದಲ್ಲಿ ಓದುವಾಗ ಲಾಲಾ ಲಜಪತರಾಯರ ಜೊತೆ ಕೆಲಸ ಮಾಡಿ ಬಂದವರು. 1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹಕ್ಕೆ ಹುಬ್ಬಳ್ಳಿಯಿಂದ ಹುಡುಗರ ಪಡೆ ಕಟ್ಟಿಕೊಂಡು ಹೋಗಿ ಜೈಲು ಸೇರಿದರು. ತಪ್ಪೊಪ್ಪಿಗೆ ಬರೆದುಕೊಟ್ಟು ಹೊರಗೆ ಬರಲು ಒಪ್ಪಲಿಲ್ಲ. ಅದೇ ವರ್ಷದ ಕೊನೆಗೆ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಅದರ ಮೊದಲ ಅಧ್ಯಕ್ಷರು ಜವಾಹರಲಾಲ ನೆಹರೂ, ದುಡಿಯುವ ಕೈ ಹರ್ಡೀಕರರದು. ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಕಾಂಗ್ರೆಸ್ ಅಧಿವೇಶನ, 1924ರ ಬೆಳಗಾವಿಯದು, ನಡೆದಾಗ ಅಲ್ಲಿ ಶಿಸ್ತು ಕಾಯ್ದವರು ಇವರ ಸ್ವಯಂಸೇವಕರು.

ಅದೇ 1889ರಲ್ಲಿ ನಾಗಪುರದಲ್ಲಿ ಇನ್ನೊಬ್ಬ ವೈದ್ಯರು ಹುಟ್ಟಿದ್ದರು, ಡಾ. ಕೇಶವ ಬಲಿರಾಮ ಹೆಡಗೇವಾರ. 1920ರ ನಾಗಪುರ ಕಾಂಗ್ರೆಸ್ಸಿನಲ್ಲಿ ಅವರೂ ಸ್ವಯಂಸೇವಕರ ಉಸ್ತುವಾರಿ ನೋಡಿದವರೇ. 1925ರ ವಿಜಯದಶಮಿಗೆ ರಾಷ್ಟ್ರೀಯ ಸ್ವಯಂಸೇವಕ ಸಂಘ ಶುರು ಮಾಡಿದರು.

ಒಂದೇ ವರ್ಷ ಹುಟ್ಟಿದ ಇಬ್ಬರು ಡಾಕ್ಟರು, ಎರಡು ವರ್ಷದ ಅಂತರದಲ್ಲಿ ಎರಡು ಸಂಘಟನೆ. ಎರಡರಲ್ಲೂ ಸಮವಸ್ತ್ರ, ಕವಾಯತು, ಸೀಟಿ, ಧ್ವಜ. ವಿಚಾರ ಮಾತ್ರ ಬೇರೆ. ಸೇವಾದಳಕ್ಕೆ ಎಲ್ಲ ಜಾತಿ ಮತದವರ ದೇಶ ಬೇಕಾಗಿತ್ತು, ಸಂಘಕ್ಕೆ ಹಿಂದೂಗಳ ಒಗ್ಗಟ್ಟು. ಆದರೆ ಹದಿನೆಂಟರ ಹುಡುಗ ವಿಚಾರ ಓದಿಕೊಂಡು ಮೈದಾನಕ್ಕೆ ಬರುವುದಿಲ್ಲ. ಗೆಳೆಯ ಕರೆದ ಅಂತ ಬರುತ್ತಾನೆ, ಅಲ್ಲಿ ಯಾರೋ ಹೆಸರು ಹಿಡಿದು ಮಾತಾಡಿಸಿದರು ಅಂತ ಮರುದಿನವೂ ಬರುತ್ತಾನೆ. ಇದು ಇಬ್ಬರು ಡಾಕ್ಟರಿಗೂ ಗೊತ್ತಿತ್ತು.

ಸ್ವಾತಂತ್ರ್ಯ ಬಂದ ಮೇಲೆ ದಾರಿ ಬೇರೆಯಾಯಿತು. ಕಾಂಗ್ರೆಸ್ಸಿಗೆ ಅಧಿಕಾರ ಸಿಕ್ಕಿತು. ಸೇವಾದಳದವರಿಗೆ ಉಳಿದದ್ದು ನಾಯಕರು ಬಂದಾಗ ಸಾಲಾಗಿ ನಿಂತು ವಂದನೆ ಮಾಡುವ ಕೆಲಸ. ನಾನು ಕನ್ನಡ ಸಾಲೆಯಲ್ಲಿದ್ದಾಗ ಭಾರತ ಸೇವಾದಳದ ಬಿಳಿ ಟೋಪಿ ಹಾಕಿಕೊಂಡು ಆಗಸ್ಟ್ 15ಕ್ಕೆ ನಡೆದದ್ದು ನೆನಪಿದೆ. ಮರುದಿನ ಟೋಪಿ ಮತ್ತೆ ಪೆಟ್ಟಿಗೆ ಸೇರುತ್ತಿತ್ತು.

ಇದನ್ನೆಲ್ಲ ಅಳಿಯನಿಗೆ ಹೇಳಿದೆ. ಪೂರ್ತಿ ಕೇಳಿದ. ಆಮೇಲೆ, "ಮಾಮಾ, ಆ ದಳ ಈಗ ಎಲ್ಲಿ ಕೂಡ್ತದ?" ಎಂದ.

"ವರ್ಷಕ್ಕ ಎರಡು ಸಲ, ಸಾಲ್ಯಾಗ."

"ನಮ್ಮದು ದಿನಾ ಸಂಜಿಮುಂದ ಕೂಡ್ತದ್ರೀ."

ಇಷ್ಟಾದರೂ, ನಡುವೆ ಬೇರೆ ಮೈದಾನಗಳು ಇರಲಿಲ್ಲ ಅಂತಲ್ಲ. 1980ರಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಯಿತು. ರಾಜ್ಯ ರೈತ ಸಂಘ ಹುಟ್ಟಿತು. ಮಲಪ್ರಭೆಯ ಬಿಸಿ ಘಟಪ್ರಭೆಯ ಕಾಲುವೆಗೂ ತಟ್ಟಿತು. 1982ರಲ್ಲಿ ಗೋಕಾಕ ಚಳವಳಿ. (ಹೊರಗಿನವರು ಅದು ನಮ್ಮೂರಿನ ಚಳವಳಿ ಅಂದುಕೊಳ್ಳುತ್ತಾರೆ. ಅದಕ್ಕೆ ಹೆಸರು ಬಂದದ್ದು ವರದಿ ಬರೆದ ವಿ. ಕೃ. ಗೋಕಾಕರಿಂದ. ಅವರು ಸವಣೂರಿನವರು.) ನಮ್ಮಪ್ಪನ ವಾರಿಗೆಯವರಿಗೆ ಊಟ ಬಿಟ್ಟು ಓಡಾಡಲು ಒಂದು ಕಾರಣವಿತ್ತು. ಕಬ್ಬಿನ ದರ, ನೀರಿನ ಕರ, ಕನ್ನಡ.

ಆ ಹಸಿರು ಶಾಲು ಎಲ್ಲಿಗೆ ಹೋಯಿತು ಎನ್ನುವುದಕ್ಕೆ ಬಾಬಾಗೌಡ ಪಾಟೀಲರನ್ನು ನೋಡಿ. 1989ರಲ್ಲಿ ರೈತ ಸಂಘದಿಂದ ಕಿತ್ತೂರು, ಧಾರವಾಡ ಗ್ರಾಮೀಣ ಎರಡೂ ಕಡೆ ಗೆದ್ದವರು. ಒಂದನ್ನು ಬಿಟ್ಟುಕೊಟ್ಟರು, ಅಲ್ಲಿಂದ ಪ್ರೊ. ನಂಜುಂಡಸ್ವಾಮಿ ವಿಧಾನಸಭೆಗೆ ಹೋದರು. ಒಂಬತ್ತು ವರ್ಷ ಕಳೆದು 1998ರಲ್ಲಿ ಅದೇ ಬಾಬಾಗೌಡರು ಬಿಜೆಪಿಯಿಂದ ಬೆಳಗಾವಿ ಸಂಸದರಾಗಿ, ವಾಜಪೇಯಿ ಸರಕಾರದಲ್ಲಿ ಮಂತ್ರಿಯಾದರು. ಅಷ್ಟರಲ್ಲಿ ರೈತ ಸಂಘ ಬಣಬಣವಾಗಿ ಒಡೆದಿತ್ತು. ನಮ್ಮಪ್ಪ ಯಾವ ಬಣಕ್ಕೂ ಹೋಗದೆ ಹೊಲಕ್ಕೆ ಹೋದರು.

ಅದೇ ಹತ್ತು ವರ್ಷದಲ್ಲಿ ಇನ್ನೆರಡು ಸಂಗತಿ ನಡೆದವು. 1990ರ ಅಕ್ಟೋಬರಿನಲ್ಲಿ, ಕಾಯಿಲೆಯಲ್ಲಿದ್ದ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು ಬದಲಿಸುವುದಾಗಿ ರಾಜೀವ ಗಾಂಧಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಹೇಳಿಬಿಟ್ಟರು. ಹಿಂದಿನ ವರ್ಷವಷ್ಟೇ ಪಕ್ಷಕ್ಕೆ 178 ಸೀಟು ಗೆದ್ದುಕೊಟ್ಟಿದ್ದವರು ಅವರು. ಲಿಂಗಾಯತ ಮನೆಗಳಲ್ಲಿ ಆ ನೋವು ಇಂದಿಗೂ ಮಾತಿಗೆ ಬರುತ್ತದೆ, ಆಗ ಹುಟ್ಟದೇ ಇದ್ದವರ ಬಾಯಲ್ಲೂ. ಇನ್ನೊಂದು ಹುಬ್ಬಳ್ಳಿಯ ಈದ್ಗಾ ಮೈದಾನದ ಧ್ವಜದ ಗಲಾಟೆ. 1994ರ ಆಗಸ್ಟ್ 15ರ ಗೋಲಿಬಾರಿನಲ್ಲಿ ಜನ ಸತ್ತರು. ತಮಾಷೆಯಲ್ಲ, ವಿಪರ್ಯಾಸ ನೋಡಿ: ಹರ್ಡೀಕರರು ಹುಬ್ಬಳ್ಳಿ ಹುಡುಗರಿಗೆ ಧ್ವಜ ಕೊಟ್ಟು ಬ್ರಿಟಿಷರ ಎದುರು ನಿಲ್ಲಿಸಿದ್ದರು. ಎಪ್ಪತ್ತು ವರ್ಷದ ಮೇಲೆ ಅದೇ ಊರಿನಲ್ಲಿ ಧ್ವಜವು ಹಿಂದೂ, ಮುಸ್ಲಿಮರ ನಡುವಿನ ಗೆರೆಯಾಯಿತು.

ಹಾಗಂತ ನಮ್ಮ ಮೂರು ತಾಲೂಕಿನ ಮತವೆಲ್ಲ ವಿಚಾರದ ಮತ ಎಂದರೆ ನಾನು ಒಪ್ಪುವುದಿಲ್ಲ. ಇಲ್ಲಿ ಮನೆತನ ದೊಡ್ಡದು, ಬಾವುಟ ಸಣ್ಣದು. ಹುಕ್ಕೇರಿಯ ಉಮೇಶ ಕತ್ತಿ 1985ರಲ್ಲಿ ಜನತಾ ಪಕ್ಷದಿಂದ ಬಂದವರು. ಜನತಾದಳ, ಸಂಯುಕ್ತ ಜನತಾದಳ, ಕಾಂಗ್ರೆಸ್, ಜೆಡಿಎಸ್ ಸುತ್ತಿ 2008ರಲ್ಲಿ ಬಿಜೆಪಿಗೆ ಹೋದರು. ಸೋತದ್ದು 2004ರಲ್ಲಿ ಒಮ್ಮೆ. ಅದೇ 2008ರಲ್ಲಿ ಅರಭಾವಿಯ ಬಾಲಚಂದ್ರ ಜಾರಕಿಹೊಳಿಯವರೂ ಜೆಡಿಎಸ್ ಬಿಟ್ಟು ಬಿಜೆಪಿಯಿಂದ ಗೆದ್ದರು. ಮೂಡಲಗಿ ಬರುವುದು ಆ ಕ್ಷೇತ್ರಕ್ಕೇ. ಗೋಕಾಕದಲ್ಲಿ 1999ರಿಂದ ಕಾಂಗ್ರೆಸ್ಸಿನಲ್ಲಿದ್ದ ರಮೇಶ ಜಾರಕಿಹೊಳಿಯವರು 2019ರ ಉಪಚುನಾವಣೆಯಲ್ಲಿ ಬಿಜೆಪಿಯಿಂದ ನಿಂತು, ಕಾಂಗ್ರೆಸ್ಸಿನಿಂದ ನಿಂತಿದ್ದ ಸ್ವಂತ ತಮ್ಮ ಲಖನ್ ಅವರನ್ನೇ ಸೋಲಿಸಿದರು. ಇನ್ನೊಬ್ಬ ಸಹೋದರ ಸತೀಶ ಜಾರಕಿಹೊಳಿಯವರು ಹುಕ್ಕೇರಿ ತಾಲೂಕಿನ ಯಮಕನಮರಡಿಯಿಂದ 2008ರಿಂದಲೂ ಕಾಂಗ್ರೆಸ್ ಶಾಸಕರು. ಮೂಢನಂಬಿಕೆ ವಿರುದ್ಧ ಸ್ಮಶಾನದಲ್ಲೇ ರಾತ್ರಿ ಕಳೆಯುವ ಕಾರ್ಯಕ್ರಮ ಮಾಡುತ್ತಾರೆ. 2022ರ ನವೆಂಬರಿನಲ್ಲಿ 'ಹಿಂದೂ' ಪದದ ಬಗ್ಗೆ ನಿಪ್ಪಾಣಿಯಲ್ಲಿ ಅವರು ಆಡಿದ ಮಾತಿಗೆ ದೊಡ್ಡ ಗದ್ದಲವಾಗಿ, ಕೊನೆಗೆ ಹಿಂಪಡೆದರು. ಆರು ತಿಂಗಳ ನಂತರ ಅದೇ ಯಮಕನಮರಡಿಯಲ್ಲಿ ಮತ್ತೆ ಗೆದ್ದರು. 2024ರಲ್ಲಿ ಅವರ ಮಗಳು ಪ್ರಿಯಾಂಕಾ ಚಿಕ್ಕೋಡಿ ಸಂಸದೆಯಾದರು. ಅತ್ತ ಬೆಳಗಾವಿ ಲೋಕಸಭೆ ಬಿಜೆಪಿಗೇ ಉಳಿಯಿತು.

ಅಂದರೆ ಮತ ಒಂದು ಕಡೆ, ಶಾಲು ಇನ್ನೊಂದು ಕಡೆ ಇರಬಹುದು. ನನ್ನ ಅಳಿಯನ ಗೆಳೆಯರಲ್ಲಿ ಇಬ್ಬರು ಸ್ಟೇಟಸ್ಸಿಗೆ ಶಿವಾಜಿ ಹಾಕಿ ಕಾಂಗ್ರೆಸ್ ಸಾಹುಕಾರರ ಪ್ರಚಾರಕ್ಕೆ ಹೋಗಿ ಬಂದವರಿದ್ದಾರೆ.

ಹುಡುಗರಿಗೆ ರಾಜಕೀಯ ಕಲಿಯುವ ಬೇರೆ ಬಾಗಿಲು ಎಷ್ಟು ತೆರೆದಿವೆ? ಕಾಲೇಜು ವಿದ್ಯಾರ್ಥಿ ಸಂಘದ ಚುನಾವಣೆಗಳು 1989ರ ಹೊತ್ತಿಗೆ ನಿಂತವು. ತಾಲೂಕು, ಜಿಲ್ಲಾ ಪಂಚಾಯ್ತಿಗೆ 2016ರಲ್ಲಿ ಚುನಾವಣೆ ಆಗಿತ್ತು. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ನಡೆಯಲೇ ಇಲ್ಲ. ಮನೆತನವಿಲ್ಲದ ಹುಡುಗ ಮೇಲೆ ಹತ್ತುವ ಮೆಟ್ಟಿಲು ಅವೇ ಆಗಿದ್ದವು. 2020ರಲ್ಲಿ ದೊಡ್ಡದೊಡ್ಡ ಹೆಸರು ಬಿಟ್ಟು ಕಲ್ಲೋಳಿಯ ಈರಣ್ಣ ಕಡಾಡಿಯವರನ್ನು ಬಿಜೆಪಿ ರಾಜ್ಯಸಭೆಗೆ ಕಳಿಸಿದಾಗ ನಮ್ಮ ಭಾಗದ ಹುಡುಗರು ಅದನ್ನು ಹೇಗೆ ನೋಡಿದರು ಎಂದು ನನಗೆ ನೆನಪಿದೆ. "ಕಾರ್ಯಕರ್ತಗ ಸಿಕ್ತು ನೋಡ್ರಿ" ಎಂದು ತಿಂಗಳುಗಟ್ಟಲೆ ಹೇಳಿದರು. ಆ ಒಂದು ಉದಾಹರಣೆಗೆ ಸಮನಾದದ್ದನ್ನು ಬೇರೆ ಪಕ್ಷದವರು ನಮ್ಮ ಹುಡುಗರಿಗೆ ತೋರಿಸಿದ್ದು ನಾನು ಕಂಡಿಲ್ಲ.

ನನಗೆ ಚಿಂತೆ ಇರುವುದು ಶಾಲಿನ ಬಣ್ಣದ ಬಗ್ಗೆ ಅಷ್ಟಲ್ಲ. ಸಂಪ್ರದಾಯದ ಬಿಗಿ ಯಾವ ಪಕ್ಷದ ಆಸ್ತಿಯೂ ಅಲ್ಲ. 2023ರ ಡಿಸೆಂಬರಿನಲ್ಲಿ ಬೆಳಗಾವಿ ತಾಲೂಕಿನ ಹೊಸ ವಂಟಮುರಿಯಲ್ಲಿ, ಮಗ ಪ್ರೀತಿಸಿದ ಹುಡುಗಿಯ ಜೊತೆ ಊರು ಬಿಟ್ಟ ಎಂದು ತಾಯಿಯನ್ನು ಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿದರು. ಅಲ್ಲಿ ಯಾವ ಬಾವುಟವೂ ಇರಲಿಲ್ಲ. ನಿಂತು ನೋಡಿದ ಜನರಿದ್ದರು. ಊರಿನವರ ಮೇಲೂ ಹೊಣೆ ಇದೆ ಎಂದು ಹೈಕೋರ್ಟ್ ಹೇಳಬೇಕಾಯಿತು.

ಅಳಿಯನಿಗೆ ಒಬ್ಬ ತಂಗಿ ಇದ್ದಾಳೆ. ಪಿಯುಸಿ ಮುಗಿಸಿ ಧಾರವಾಡಕ್ಕೆ ಓದಲು ಹೋಗುತ್ತೇನೆ ಎಂದಾಗ ಮನೆಯಲ್ಲಿ ಮೊದಲು ಬೇಡ ಎಂದವನು ಅವನೇ. ನಮ್ಮಕ್ಕ, ಮಾವ ಆಮೇಲೆ. "ಕಾಲ ಚಲೋ ಇಲ್ಲ ಮಾಮಾ" ಎಂದ. ಮಂಡಳಿಯ ಗೆಳೆಯರೂ ಹಾಗೇ ಹೇಳಿದರಂತೆ. ಹಸಿರು ಶಾಲಿನ ನಮ್ಮಪ್ಪ ಏನಂದರು ಗೊತ್ತೆ? ಮೊಮ್ಮಗನದೇ ಸರಿ ಎಂದರು. ಮೂವತ್ತು ವರ್ಷದ ಹಿಂದೆ ನಮ್ಮಕ್ಕನ ಸಾಲೆ ಬಿಡಿಸಿದವರೂ ಅವರೇ.

ಮಾತುಕತೆ ನಾಕು ದಿನ ನಡೆಯಿತು. ಅರ್ಜಿಯ ಕೊನೆಯ ದಿನ ಅಕ್ಕ ಮುಂಜಾನೆ ಎದ್ದು, ಯಾರಿಗೂ ಹೇಳದೆ ಮಗಳನ್ನು ಕರೆದುಕೊಂಡು ಘಟಪ್ರಭಾ ಸ್ಟೇಷನ್ನಿಗೆ ಹೋದಳು. ಅಳಿಯ ನನಗೆ ಫೋನ್ ಮಾಡಿ, "ನೀವ ಹೇಳಿಕೊಟ್ರೇನ್ರೀ?" ಎಂದು ಕೇಳಿದ. ನಾನು ಹೇಳಿರಲಿಲ್ಲ. ಹೇಳಬೇಕಾಗಿತ್ತು.